ಕತ್ತಿನಲ್ಲಿ ನರ ಒತ್ತಿದೆ ಅಂದರು, ಆಪರೇಷನ್ ಮಾಡಿಸಲೇಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 46 ವರ್ಷ. ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್, ಕುಚ್ಚು ಹಾಕಿಕೊಡುತ್ತೇನೆ. 20 ವರ್ಷದಿಂದ ಇದೇ ಕೆಲಸ. ಏಳು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತೀನಿ. ಐದು ವಾರದ ಹಿಂದೆ ಬೆಳಿಗ್ಗೆ ಏಳುವಾಗ ಕತ್ತು ಹಿಡಿದುಕೊಂಡಿತ್ತು. ಎರಡು ದಿನ ಕಳೆಯುವಷ್ಟರಲ್ಲಿ ನೋವು ಬಲಗಡೆ ಹೆಗಲಿಂದ ತೋಳಿಗೆ ಇಳಿಯಿತು. ಈಗ ಕರೆಂಟ್ ಹೊಡೆದ ಹಾಗೆ ಹೆಬ್ಬೆರಳು, ತೋರುಬೆರಳಿನ ತನಕ ಬರುತ್ತದೆ. ಆ ಎರಡು ಬೆರಳು ಜೋಮು. ರಾತ್ರಿ ನಿದ್ದೆ ಇಲ್ಲ. ಗುಂಡುಸೂಜಿ ಹಿಡಿದರೆ ಬಿದ್ದುಹೋಗುತ್ತದೆ, ಕತ್ತರಿ ಹಿಡಿದರೆ ಕೈ ಸೋಲುತ್ತದೆ. ಎಂಆರ್‌ಐಯಲ್ಲಿ ಸಿ5–ಸಿ6 ಡಿಸ್ಕ್ ಬಲಕ್ಕೆ ಉಬ್ಬಿ ನರ ಒತ್ತಿದೆ ಅಂತ ಬಂದಿದೆ. ಒಬ್ಬ ಡಾಕ್ಟರು ಆಪರೇಷನ್ ಅಂದರು. ಇನ್ನೊಬ್ಬರು ಕತ್ತಿಗೆ ಬೆಲ್ಟ್ ಹಾಕಿಕೊಂಡು ಮಾತ್ರೆ ತಗೊಳ್ಳಿ ಸಾಕು ಅಂದರು. ಅತ್ತೆಯವರು ಹೊಳಲ್ಕೆರೆ ಕಡೆ ಒಬ್ಬರು ಉಳುಕು ತೆಗೆಯುತ್ತಾರೆ, ಅಲ್ಲಿಗೆ ಹೋಗೋಣ ಅಂತಿದ್ದಾರೆ. ಇನ್ನು ಎರಡು ತಿಂಗಳಿಗೆ ತಂಗಿ ಮಗಳ ಮದುವೆ, ಬ್ಲೌಸೆಲ್ಲ ನಾನೇ ಹೊಲಿಯಬೇಕು. ಯಾರ ಮಾತು ಕೇಳಲಿ?

ಉತ್ತರ: ಅಮ್ಮಾ, ನಿಮ್ಮ ಪತ್ರದ ತುಂಬ ನೋವಿನ ಮಾತೇ ಇದೆ. ಬಲದ ಬಗ್ಗೆ ಇರುವುದು ಒಂದೇ ಮಾತು, ಕತ್ತರಿ ಹಿಡಿದರೆ ಕೈ ಸೋಲುತ್ತದೆ ಅಂತ. ನನ್ನ ಕಣ್ಣು ಮೊದಲು ನಿಂತಿದ್ದು ಅಲ್ಲೇ. ಇಂಥ ಕೇಸು ಬಂದಾಗ ನಾವು ಮೊದಲು ನೋಡುವುದು ಕೈಯ ಬಲವನ್ನು. ನೋವು ಎಷ್ಟೇ ಜೋರಿರಲಿ, ಬಲ ಗಟ್ಟಿಯಾಗಿದ್ದರೆ ಕಾಯುವುದಕ್ಕೆ ಸಮಯವಿದೆ. ಬಲ ದಿನೇ ದಿನೇ ಇಳಿಯುತ್ತಿದ್ದರೆ, ನೋವು ಕಡಿಮೆ ಇದ್ದರೂ ಕಾಯುವ ಹಾಗಿಲ್ಲ.

ಇವತ್ತೇ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಯಜಮಾನರನ್ನೋ ಮಕ್ಕಳನ್ನೋ ಎದುರಿಗೆ ಕೂರಿಸಿಕೊಳ್ಳಿ. ಎರಡೂ ಕೈ ಮುಂದೆ ಚಾಚಿ, ಮುಷ್ಟಿ ಕಟ್ಟಿ, ಮಣಿಕಟ್ಟನ್ನು ಮೇಲಕ್ಕೆ ಬಾಗಿಸಿ ಹಿಡಿಯಿರಿ. ಅವರು ಮುಷ್ಟಿಯನ್ನು ಕೆಳಕ್ಕೆ ಒತ್ತಲಿ. ಎಡಗೈ ಎಷ್ಟು ತಡೆಯುತ್ತದೋ ಬಲಗೈಯೂ ಅಷ್ಟೇ ತಡೆಯಬೇಕು. ಆಮೇಲೆ ಮೊಣಕೈ ಮಡಚಿ ಹಿಡಿಯಿರಿ, ಅವರು ಬಿಡಿಸಲು ಎಳೆಯಲಿ. ಸಿ5–ಸಿ6 ಅಂದರೆ ಕತ್ತಿನ ಐದನೆಯ, ಆರನೆಯ ಮೂಳೆಗಳ ನಡುವಿನ ಡಿಸ್ಕ್. ಅಲ್ಲಿ ಒತ್ತಿಕೊಳ್ಳುವುದು ಕತ್ತಿನ ಆರನೆಯ ನರ. ಅದು ಓಡಿಸುವುದು ಮುಖ್ಯವಾಗಿ ಈ ಎರಡು ಕೆಲಸಗಳನ್ನು. ಗೋಡೆಗೆ ಒಂದೊಂದೇ ಅಂಗೈ ಇಟ್ಟು ತಳ್ಳಿ ನೋಡಿ, ಅದು ಏಳನೆಯ ನರದ ಕೆಲಸ. ನೋವಿಗೆ ಹೆದರಿ ಕೈ ಬಿಟ್ಟುಬಿಡುವುದು ಬೇರೆ, ಬಲವಿಲ್ಲದೆ ಕೈ ಬೀಳುವುದು ಬೇರೆ. ಹಾಗಾಗಿ ಎರಡು ಸಲ ಮಾಡಿ. ಏನು ಕಂಡಿತು ಅಂತ ಕ್ಯಾಲೆಂಡರ್ ಮೇಲೆ ಬರೆದಿಡಿ. ವಾರಕ್ಕೊಮ್ಮೆ ಮತ್ತೆ ನೋಡಿ.

ಈಗ ಕತ್ತರಿಯ ವಿಷಯ. ಇಲ್ಲಿ ನನಗೊಂದು ಅನುಮಾನವಿದೆ. ಕತ್ತರಿ ಒತ್ತುವ ಹೆಬ್ಬೆರಳಿನ ಬುಡದ ಮಾಂಸಖಂಡಕ್ಕೆ ಬಲ ಬರುವುದು ಕತ್ತಿನ ಇನ್ನೂ ಕೆಳಗಿನ ನರಗಳಿಂದ. ಸಿ5–ಸಿ6 ಡಿಸ್ಕ್ ಒತ್ತಿದರೆ ಬೆರಳು ಜೋಮು ಹಿಡಿದು ಸೂಜಿ ಜಾರಬಹುದು, ಸರಿ. ಆದರೆ ಕತ್ತರಿ ಒತ್ತಲು ನಿಜಕ್ಕೂ ಬಲವೇ ಇಲ್ಲ ಅಂದರೆ ಆ ಡಿಸ್ಕ್ ಒಂದರ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ. ಆ ಮಾಂಸಖಂಡಕ್ಕೆ ಹೋಗುವ ನರ ಮಣಿಕಟ್ಟಿನಲ್ಲಿ ಒಂದು ಸಣ್ಣ ಸುರಂಗದ ಮೂಲಕ ಹಾದುಹೋಗುತ್ತದೆ. ಅಲ್ಲಿ ಒತ್ತಿಕೊಂಡರೆ ಅದನ್ನು ಕಾರ್ಪಲ್ ಟನಲ್ ಅನ್ನುತ್ತಾರೆ. ಹೊಲಿಗೆಯವರಿಗೆ, ಶುಗರ್ ಇರುವವರಿಗೆ, ನಿಮ್ಮ ವಯಸ್ಸಿನ ಹೆಂಗಸರಿಗೆ ಇದು ಜಾಸ್ತಿ. ನಿಮ್ಮಲ್ಲಿ ಈ ಮೂರೂ ಇವೆ.

ಗುರುತಿಸಲು ಒಂದು ಸುಲಭದ ದಾರಿ ಇದೆ. ರಾತ್ರಿ ಎಚ್ಚರವಾದಾಗ ನೀವು ಏನು ಮಾಡುತ್ತೀರಿ ಅಂತ ಗಮನಿಸಿ. ಕೈಯನ್ನು ನೀರು ಕೊಡವಿದ ಹಾಗೆ ಕೊಡವಿದರೆ ಹಾಯ್ ಅನಿಸುತ್ತದಾ? ನಡುಬೆರಳೂ ಜೋಮು ಇದೆಯಾ? ಹಾಗಿದ್ದರೆ ಮಣಿಕಟ್ಟಿನ ಕಡೆ ನೋಡಬೇಕು. ಅದರ ಬದಲು ಅಂಗೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡಾಗ ನೋವು ತಗ್ಗುತ್ತದಾ? ಹಾಗಿದ್ದರೆ ಅದು ಕತ್ತಿನದು. ಕೈ ಮೇಲೆ ಹೋದಾಗ ನರದ ಎಳೆತ ಸಡಿಲವಾಗುತ್ತದೆ, ಅದಕ್ಕೇ ಆರಾಮ. ಎರಡೂ ಇರಬಹುದು, ಅದೇನು ಅಪರೂಪವಲ್ಲ. ನರದಲ್ಲಿ ಕರೆಂಟ್ ಎಷ್ಟು ವೇಗದಲ್ಲಿ ಹೋಗುತ್ತದೆ ಅಂತ ಅಳೆಯುವ ಎನ್‌ಸಿವಿ ಪರೀಕ್ಷೆ ಮಾಡಿಸಿದರೆ ಮಣಿಕಟ್ಟಿನ ವಿಷಯ ಗೊತ್ತಾಗುತ್ತದೆ. ಜೊತೆಗೆ ಮಾಂಸಖಂಡಕ್ಕೆ ಸಣ್ಣ ಸೂಜಿ ಚುಚ್ಚಿ ನೋಡುವ ಇಎಂಜಿಯನ್ನೂ ಮಾಡಿಸಿ. ಇದು ಮೊದಲ ಎರಡು ಮೂರು ವಾರದಲ್ಲಿ ಸರಿಯಾಗಿ ತೋರಿಸುವುದಿಲ್ಲ. ನಿಮಗೀಗ ಐದು ವಾರ, ಮಾಡಿಸಲು ಸರಿಯಾದ ಸಮಯ. ಮಣಿಕಟ್ಟಿನ ತೊಂದರೆಗೆ ಕತ್ತಿನ ಆಪರೇಷನ್ ಮಾಡಿಸಿಕೊಂಡು ಜೋಮು ಹಾಗೇ ಉಳಿದವರನ್ನು ನಾನು ಕಂಡಿದ್ದೇನೆ.

ಇನ್ನೊಂದು ರಕ್ತ ಪರೀಕ್ಷೆ ಮರೆಯಬೇಡಿ, ವಿಟಮಿನ್ ಬಿ12. ಮೆಟ್‌ಫಾರ್ಮಿನನ್ನು ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯುತ್ತದೆ. ನಮ್ಮ ಕಡೆ ಸಸ್ಯಾಹಾರಿಗಳು ಬಹಳ, ಅವರಿಗೆ ಮೊದಲೇ ಕಡಿಮೆ ಇರುತ್ತದೆ. ಬಿ12 ಕಡಿಮೆಯಾದರೆ ಅದೊಂದೇ ಸಾಕು, ಕೈಕಾಲು ಜೋಮು ಬರುವುದಕ್ಕೆ. ಹಾಗಂತ ಮೆಟ್‌ಫಾರ್ಮಿನ್ ನೀವೇ ನಿಲ್ಲಿಸಬೇಡಿ. ಕಡಿಮೆ ಇದ್ದರೆ ಬಿ12 ತುಂಬಿಸಿದರಾಯಿತು.

ಈಗ ಕತ್ತಿಗೆ ಬರೋಣ. ಕತ್ತಿನಲ್ಲಿ ಏಳು ಮೂಳೆ, ಎಂಟು ಜೊತೆ ನರ. ಮೂಳೆಗಳ ನಡುವೆ ಮೆತ್ತನೆಯ ಡಿಸ್ಕ್. ಹೊರಗೆ ಗಟ್ಟಿ ಪಟ್ಟಿ, ಒಳಗೆ ಲೋಳೆಯಂಥ ತಿರುಳು. ವಯಸ್ಸಾದ ಹಾಗೆ ಡಿಸ್ಕ್ ಒಣಗುತ್ತದೆ, ಪಟ್ಟಿ ಬಿರುಕು ಬಿಡುತ್ತದೆ, ತಿರುಳು ಹೊರಗೆ ಬಂದು ಪಕ್ಕದ ನರದ ಬೇರಿಗೆ ತಾಗುತ್ತದೆ. ಕೆಲವರಲ್ಲಿ ಡಿಸ್ಕ್ ಬದಲು ಮೂಳೆಯೇ ಮೊಳಕೆ ಬಿಟ್ಟ ಹಾಗೆ ಬೆಳೆದು ನರದ ಕಿಂಡಿಯನ್ನು ಇಕ್ಕಟ್ಟು ಮಾಡುತ್ತದೆ. ಜನ ಸ್ಪಾಂಡಿಲೈಟಿಸ್ ಅನ್ನುವುದು ಸಾಮಾನ್ಯವಾಗಿ ಇದನ್ನೇ.

ಆದರೆ ನೋವು ಬರುವುದು ಬರೀ ಒತ್ತಡದಿಂದ ಅಲ್ಲ. ಆ ತಿರುಳು ನರಕ್ಕೆ ತಾಗಿದಾಗ ಅಲ್ಲಿ ಉರಿಯೂತ ಏಳುತ್ತದೆ. ನರ ಊದಿಕೊಂಡು ಕೆಂಪಾಗುತ್ತದೆ. ಕಣ್ಣಿಗೆ ಮೆಣಸಿನಕಾಯಿ ಕೈ ತಾಗಿದರೆ ಹೇಗೆ, ಹಾಗೆ ಅಂದುಕೊಳ್ಳಿ. ಈ ಉರಿ ವಾರಗಳು ಕಳೆದ ಹಾಗೆ ಇಳಿಯುತ್ತದೆ. ಹೊರಬಂದ ತಿರುಳನ್ನೂ ಮೈಯೇ ನಿಧಾನವಾಗಿ ಕರಗಿಸುತ್ತದೆ. ಎಷ್ಟೋ ಜನಕ್ಕೆ ವರ್ಷದ ಮೇಲೆ ಮತ್ತೆ ಎಂಆರ್‌ಐ ಮಾಡಿದರೆ ಆ ಉಬ್ಬು ಅರ್ಧಕ್ಕರ್ಧ ಮಾಯವಾಗಿರುತ್ತದೆ. ಮೂಳೆಯ ಮೊಳಕೆ ಕರಗುವುದಿಲ್ಲ, ಆದರೂ ಉರಿ ತಗ್ಗಿದ ಮೇಲೆ ಅದೇ ಇಕ್ಕಟ್ಟಿನಲ್ಲಿ ನರ ಸುಮ್ಮನೆ ಇದ್ದುಬಿಡುತ್ತದೆ.

ಅಮೆರಿಕದ ರೋಚೆಸ್ಟರ್ ಊರಿನಲ್ಲಿ 1976ರಿಂದ 1990ರವರೆಗೆ ಈ ತೊಂದರೆ ಬಂದ 561 ಜನರ ಲೆಕ್ಕ ಇಟ್ಟಿದ್ದಾರೆ. ಆ ಅಧ್ಯಯನದ ಮುಂದಾಳು ಮುಂದೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ನಿರ್ದೇಶಕರಾದ ನರತಜ್ಞ ಡಾ. ಕೆ. ರಾಧಾಕೃಷ್ಣನ್. ಆ ಊರಿನಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 83 ಜನಕ್ಕೆ ಇದು ಬರುತ್ತಿತ್ತು. ಐವತ್ತರ ಆಸುಪಾಸಿನವರಲ್ಲಿ ಅತಿ ಹೆಚ್ಚು. ನಾಲ್ಕರಲ್ಲಿ ಒಬ್ಬರಿಗೆ ಆಪರೇಷನ್ ಆಗಿತ್ತು. ಕೊನೆಗೆ ನೋಡಿದಾಗ ನೂರಕ್ಕೆ 90 ಮಂದಿಗೆ ತೊಂದರೆ ಇರಲಿಲ್ಲ, ಇದ್ದರೂ ಅಲ್ಪಸ್ವಲ್ಪ. ಆದರೆ ಸುಮಾರು ಮೂರರಲ್ಲಿ ಒಬ್ಬರಿಗೆ ನೋವು ಮತ್ತೆ ಬಂದಿತ್ತು ಅನ್ನುವುದನ್ನೂ ಹೇಳಬೇಕು.

ಎಂಆರ್‌ಐ ಬಗ್ಗೆ ಎರಡು ಮಾತು. ರಿಪೋರ್ಟ್ ಓದಿದರೆ ಎಂಥವರಿಗೂ ಜೀವ ಹಾರಿಹೋಗುತ್ತದೆ, ಅಲ್ವಾ? ಜಪಾನಿನಲ್ಲಿ ಕತ್ತು ನೋವು, ಕೈ ನೋವು ಯಾವುದೂ ಇಲ್ಲದ 1211 ಜನಕ್ಕೆ ಎಂಆರ್‌ಐ ಮಾಡಿದರು. 2015ರಲ್ಲಿ ಅದು ಪ್ರಕಟವಾಯಿತು. ನೂರಕ್ಕೆ 87 ಮಂದಿಯಲ್ಲಿ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ನಾಲ್ವರಲ್ಲಿ ಮೂವರಿಗೆ! ಉಬ್ಬು ಇದೆ ಅನ್ನುವುದು ಒಂದು ಕಾಯಿಲೆಯೇ ಅಲ್ಲ ಅಂದ ಹಾಗಾಯಿತು. ಚಿತ್ರದಲ್ಲಿ ಕಾಣುವ ನರವೂ ನಿಮ್ಮ ಕೈ ತೋರಿಸುವ ನರವೂ ಒಂದೇ ಆಗಿದ್ದರೆ ಮಾತ್ರ ಆ ಚಿತ್ರಕ್ಕೆ ಬೆಲೆ. ನಿಮ್ಮಲ್ಲಿ ಹೆಬ್ಬೆರಳು, ತೋರುಬೆರಳಿನ ಜೋಮು ಸಿ5–ಸಿ6 ಡಿಸ್ಕಿಗೆ ಹೊಂದುತ್ತದೆ. ಕತ್ತರಿ ಮಾತ್ರ ಹೊಂದುತ್ತಿಲ್ಲ. ಅದಕ್ಕೇ ಅಷ್ಟು ಹೇಳಿದೆ.

ಮಾತ್ರೆಗಳು. ನೋವಿನ ಮಾತ್ರೆ ನರವನ್ನು ಬಿಡಿಸುವುದಿಲ್ಲ, ನೀವು ನಿದ್ದೆ ಮಾಡುವ ಹಾಗೆ, ವ್ಯಾಯಾಮ ಮಾಡುವ ಹಾಗೆ ಸಮಯ ಕೊಡುತ್ತದೆ. ಪ್ಯಾರಸಿಟಮಾಲ್‌ನಿಂದ ಶುರು ಮಾಡಬಹುದು. ಡೈಕ್ಲೋಫಿನಾಕ್, ಅಸಿಕ್ಲೋಫಿನಾಕ್, ನ್ಯಾಪ್ರಾಕ್ಸೆನ್ ಉರಿಯೂತಕ್ಕೆ ಒಳ್ಳೆಯವು. ಆದರೆ ಊಟದ ಮೇಲೆ, ವಾರ ಹತ್ತು ದಿನ ಮಾತ್ರ. ನಿಮಗೆ ಶುಗರ್ ಇರುವುದರಿಂದ ಮೊದಲು ಕ್ರಿಯಾಟಿನಿನ್ ನೋಡಿಸಿ, ಕಿಡ್ನಿ ಸರಿಯಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸ್ಟ್ರಿಪ್ ಸ್ಟ್ರಿಪ್ ತಂದು ನುಂಗುವವರು ಕೊನೆಗೆ ಕತ್ತು ಬಿಟ್ಟು ಹೊಟ್ಟೆ ಹಿಡಿದುಕೊಂಡು ಬರುತ್ತಾರೆ.

ಇದನ್ನು ಹೇಳುವ ಅಧಿಕಾರ ನನಗಿದೆ, ಯಾಕೆಂದರೆ ಆ ತಪ್ಪು ನಾನೂ ಮಾಡಿದ್ದೇನೆ. ಎಂಟು ವರ್ಷದ ಹಿಂದೆ ನನಗೇ ಎಡಗೈಗೆ ಇದು ಬಂತು. ಏಳನೆಯ ನರ, ನಡುಬೆರಳು ಜೋಮು. ಹಾಸಿಗೆಯಲ್ಲಿ ಮಲಗಲಾಗದೆ ಹತ್ತು ರಾತ್ರಿ ಕುರ್ಚಿಯಲ್ಲೇ ಕೈ ತಲೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಬೇಗ ವಾಸಿಯಾಗಲಿ ಅಂತ ಡೈಕ್ಲೋಫಿನಾಕ್ ಮೂರು ವಾರ ನುಂಗಿದೆ, ಹೊಟ್ಟೆ ಉರಿದು ಬೆಣ್ಣೆ ದೋಸೆ ಕಂಡರೆ ಹೆದರುವ ಹಾಗಾಯಿತು. ಕೈ ನೋವು ಹೋಗಲು ಮೂರು ತಿಂಗಳು ಹಿಡಿಯಿತು. ಜೋಮು ಪೂರ್ತಿ ಬಿಡಲು ಒಂದು ವರ್ಷ. ಆಪರೇಷನ್ ಮಾಡಿಸಲಿಲ್ಲ. ಬಲ ಇಳಿದಿರಲಿಲ್ಲ, ಅದಕ್ಕೆ.

ಪ್ರೆಗಾಬಲಿನ್, ಗ್ಯಾಬಪೆಂಟಿನ್ ಅಂತ ನರದ ಮಾತ್ರೆ ಎಲ್ಲರಿಗೂ ಬರೆಯುವುದು ಈಗ ರೂಢಿ. ಸೊಂಟದಿಂದ ಕಾಲಿಗೆ ಇಳಿಯುವ ಇಂಥದ್ದೇ ನೋವಿನಲ್ಲಿ ಪ್ರೆಗಾಬಲಿನ್ ಕೊಟ್ಟು ನೋಡಿದ ಆಸ್ಟ್ರೇಲಿಯಾದ ಪರೀಕ್ಷೆ 2017ರಲ್ಲಿ ಬಂತು. ಔಷಧವಿಲ್ಲದ ತೋರಿಕೆಯ ಮಾತ್ರೆಗಿಂತ ಅದು ಜಾಸ್ತಿ ಏನೂ ಮಾಡಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ. ಹಾಗಾಗಿ ನಾನು ಇದನ್ನು ರಾತ್ರಿ ನಿದ್ದೆಯೇ ಇಲ್ಲದವರಿಗೆ ಕಡಿಮೆ ಡೋಸಿನಲ್ಲಿ ಕೊಟ್ಟು ನೋಡುತ್ತೇನೆ. ಎರಡು ಮೂರು ವಾರಕ್ಕೆ ಫಲ ಕಾಣದಿದ್ದರೆ ಮೆಲ್ಲಗೆ ಇಳಿಸಿ ನಿಲ್ಲಿಸುತ್ತೇನೆ. ನೀವೇ ಒಂದೇ ಸಲ ನಿಲ್ಲಿಸಬಾರದು. ಸ್ಟಿರಾಯ್ಡ್ ಮಾತ್ರೆಯ ಸಣ್ಣ ಕೋರ್ಸ್ ಕೆಲವರಿಗೆ ಬೇಗ ಆರಾಮ ಕೊಡುತ್ತದೆ, ಆದರೆ ಶುಗರ್ ಗಗನಕ್ಕೇರುತ್ತದೆ. ನಿಮಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಬೆಲ್ಟ್, ಅಂದರೆ ಕಾಲರ್. ಇದರ ಬಗ್ಗೆ ಜನರಲ್ಲಿ ಎರಡು ಪಂಗಡ. ಜೀವಮಾನವಿಡೀ ಹಾಕುವವರು, ಮುಟ್ಟಲೂ ಒಲ್ಲದವರು. ಸತ್ಯ ನಡುವೆ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ನೋವು ಶುರುವಾಗಿ ಒಂದು ತಿಂಗಳೊಳಗಿನ 205 ಜನರನ್ನು ಮೂರು ಗುಂಪು ಮಾಡಿ ನೋಡಿದರು, ಅದು 2009ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮೂರು ವಾರ ಕಾಲರ್ ಮತ್ತು ವಿಶ್ರಾಂತಿ, ಆಮೇಲೆ ಮೂರು ವಾರದಲ್ಲಿ ಕಾಲರ್ ಬಿಡಿಸುವುದು. ಇನ್ನೊಂದಕ್ಕೆ ಫಿಸಿಯೋಥೆರಪಿ. ಮೂರನೆಯವರು ಸುಮ್ನೆ ಕಾಯುವುದು. ಆರು ವಾರಕ್ಕೆ ಮೊದಲ ಎರಡು ಗುಂಪಿಗೆ ನೋವು ಬೇಗ ತಗ್ಗಿತ್ತು. ಆರು ತಿಂಗಳಿಗೆ ಮೂವರೂ ಹೆಚ್ಚುಕಡಿಮೆ ಒಂದೇ. ಅಂದರೆ ಕಾಲರ್ ಮೊದಲ ದಿನಗಳ ಸಾಥಿ. ನಿಮಗೆ ಐದು ವಾರ ಆಗಿಹೋಗಿದೆ, ಈಗ ಶುರು ಮಾಡುವುದರಲ್ಲಿ ಅಂಥ ಲಾಭವಿಲ್ಲ. ಈಗಾಗಲೇ ಹಾಕುತ್ತಿದ್ದರೆ ದಿನಕ್ಕೆ ಒಂದೊಂದು ಗಂಟೆ ಇಳಿಸುತ್ತಾ ಬನ್ನಿ. ಬಸ್ಸಿನಲ್ಲಿ, ಆಟೋದಲ್ಲಿ ಹೋಗುವಾಗ ಬೇಕಾದರೆ ಹಾಕಿ. ತಿಂಗಳುಗಟ್ಟಲೆ ಹಾಕಿದರೆ ಕತ್ತಿನ ಮಾಂಸಖಂಡ ಸೋಮಾರಿಯಾಗುತ್ತದೆ.

ಫಿಸಿಯೋಥೆರಪಿ ಅಂದರೆ ಮೆಷಿನ್ ಇಟ್ಟು ಹದಿನೈದು ನಿಮಿಷ ಬಿಸಿ ಕೊಡುವುದು ಅಂತ ಬಹಳ ಜನ ತಿಳಿದಿದ್ದಾರೆ. ಬಿಸಿ ಹಿತ ಕೊಡುತ್ತದೆ, ಅಷ್ಟೇ. ಕೆಲಸ ಮಾಡುವುದು ವ್ಯಾಯಾಮ. ಗದ್ದವನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಐದು ಎಣಿಸಿ ಬಿಡುವುದು, ಎರಡೂ ಹೆಗಲ ಹಲಗೆಗಳನ್ನು ಬೆನ್ನ ಹಿಂದೆ ಸೇರಿಸುವುದು, ಅಂಗೈಗೆ ಹಣೆ ಒತ್ತಿ ಕತ್ತು ಅಲುಗಾಡದಂತೆ ತಡೆಯುವುದು. ಮೊದಲ ಸಲ ಕಲಿತವರ ಎದುರಿಗೇ ಮಾಡಿ. ಒಂದು ಗುರುತು ನೆನಪಿಡಿ. ವ್ಯಾಯಾಮ ಮಾಡುವಾಗ ಬೆರಳಿನ ನೋವು ಮೊಣಕೈಗೆ, ಮೊಣಕೈಯದು ಹೆಗಲಿಗೆ ಹೀಗೆ ಮೇಲಕ್ಕೆ ಏರುತ್ತಾ ಬಂದರೆ ಒಳ್ಳೆಯದು, ಕತ್ತು ಸ್ವಲ್ಪ ಜಾಸ್ತಿ ನೋಯ್ದರೂ ಪರವಾಗಿಲ್ಲ. ನೋವು ಕೆಳಕ್ಕೆ ಇಳಿದು ಬೆರಳಿಗೆ ಹೋಗುತ್ತಿದ್ದರೆ ಆ ವ್ಯಾಯಾಮ ನಿಮಗಲ್ಲ, ನಿಲ್ಲಿಸಿ. ಟ್ರ್ಯಾಕ್ಷನ್ ಕೆಲವರಿಗೆ ಹಿಡಿಸುತ್ತದೆ. ಫಿಸಿಯೋ ಕೈಯಲ್ಲೇ ತಲೆಯನ್ನು ಮೆಲ್ಲಗೆ ಮೇಲಕ್ಕೆ ಎಳೆದಾಗ ತೋಳಿನ ನೋವು ತಗ್ಗಿದರೆ ಮೆಷಿನ್ ಟ್ರ್ಯಾಕ್ಷನ್ ಹಾಕಿಸಿ ನೋಡಬಹುದು. ಬಾಗಿಲಿಗೆ ರಾಟೆ ಕಟ್ಟಿ ನೀರಿನ ಚೀಲ ನೇತುಹಾಕುವ ಮನೆ ಪ್ರಯೋಗ ಬೇಡ.

ಅತ್ತೆಯವರ ಮಾತು. ಅವರು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ. ಎಣ್ಣೆ ಹಚ್ಚಿ ಹೆಗಲು, ಬೆನ್ನು ನೀವುವುದಕ್ಕೆ ನನ್ನ ತಕರಾರಿಲ್ಲ. ಕತ್ತು ಹಿಡಿದು ಪಟಕ್ಕನೆ ತಿರುಗಿಸುವುದು ಮಾತ್ರ ಖಂಡಿತ ಬೇಡ. ಸಲೂನಿನಲ್ಲಿ ನೆಟಿಕೆ ತೆಗೆಯುವುದಕ್ಕೂ ಇದೇ ಮಾತು, ಯಜಮಾನರಿಗೂ ಹೇಳಿ. ಮೆದುಳಿಗೆ ರಕ್ತ ಒಯ್ಯುವ ಎರಡು ರಕ್ತನಾಳ ಕತ್ತಿನ ಮೂಳೆಗಳ ತೂತುಗಳ ಒಳಗಿಂದಲೇ ಹಾದುಹೋಗುತ್ತವೆ. ಜೋರಾಗಿ ತಿರುಚಿದರೆ ಅದರ ಒಳಪದರ ಹರಿಯಬಹುದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಅಪರೂಪ, ನಿಜ. ಆದರೆ ತಾನಾಗೇ ವಾಸಿಯಾಗುವ ನೋವಿಗೆ ಆ ಅಪಾಯ ಯಾಕೆ? ಅದರ ಮೇಲೆ ಉಬ್ಬಿದ ಡಿಸ್ಕ್ ಇನ್ನಷ್ಟು ಹೊರಗೆ ಬಂದು ಬೆನ್ನುಹುರಿಯನ್ನೇ ಒತ್ತಬಹುದು. ಉಳುಕು ತೆಗೆಸಿಕೊಂಡವರಲ್ಲಿ ಹಲವರು ವಾಸಿಯಾಯಿತು ಅನ್ನುತ್ತಾರೆ. ಹೌದು, ತೆಗೆಸದಿದ್ದರೂ ಆಗುತ್ತಿತ್ತು.

ಇಂಜೆಕ್ಷನ್ ಅನ್ನುವುದು ಮಾತ್ರೆಗೂ ಆಪರೇಷನ್ನಿಗೂ ನಡುವಿನ ಮೆಟ್ಟಿಲು. ಎಕ್ಸ್‌ರೇ ಪರದೆ ನೋಡುತ್ತಾ ನರದ ಬೇರಿನ ಹತ್ತಿರ ಸ್ಟಿರಾಯ್ಡ್ ಬಿಡುತ್ತಾರೆ. ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಆರಾಮ ಸಿಗುತ್ತದೆ. ಕತ್ತಿನಲ್ಲಿ ಇದನ್ನು ಸೊಂಟದಷ್ಟು ಸಲೀಸಾಗಿ ತಗೊಳ್ಳಬಾರದು. ಔಷಧ ತಪ್ಪಿ ರಕ್ತನಾಳಕ್ಕೆ ಹೋದರೆ ಲಕ್ವ, ಬೆನ್ನುಹುರಿಗೆ ಪೆಟ್ಟು ಆಗಿದ್ದುಂಟು. ಅಮೆರಿಕದ ಔಷಧ ನಿಯಂತ್ರಕರು 2014ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟರು. ಮಾಡಿಸುವುದಾದರೆ ಇದನ್ನೇ ದಿನವೂ ಮಾಡುವವರ ಕೈಯಲ್ಲಿ, ಕಣ ಕಣವಾಗಿ ಉಳಿಯದ ಡೆಕ್ಸಾಮೆಥಾಸೋನ್ ಥರದ ಔಷಧದಿಂದ ಮಾಡಿಸಬೇಕು. ಆಮೇಲೆ ಒಂದು ವಾರ ದಿನಾ ಶುಗರ್ ನೋಡಿಕೊಳ್ಳಬೇಕು.

ಈಗ ಆಪರೇಷನ್. ನಿಮಗೆ ಹೇಳಿದ ಡಾಕ್ಟರು ಬಹುಶಃ ಮುಂದಿನಿಂದ ಮಾಡುವುದನ್ನು ಹೇಳಿರಬೇಕು. ಗಂಟಲಿನ ಪಕ್ಕದಲ್ಲಿ ಚರ್ಮದ ಮಡಿಕೆಯಲ್ಲೇ ಒಂದು ಸಣ್ಣ ಗಾಯ ಮಾಡಿ, ಅನ್ನನಾಳವನ್ನು ಪಕ್ಕಕ್ಕೆ ಸರಿಸಿ, ಕೆಟ್ಟ ಡಿಸ್ಕ್ ತೆಗೆದು, ಆ ಜಾಗದಲ್ಲಿ ಒಂದು ಪುಟ್ಟ ಕೇಜ್ ಇಟ್ಟು ಎರಡು ಮೂಳೆಯನ್ನು ಬೆಸೆಯುತ್ತಾರೆ. ಬೆಸೆಯದೆ ಕೃತಕ ಡಿಸ್ಕ್ ಇಡುವುದೂ ಉಂಟು, ಅದು ದುಬಾರಿ. ಹಿಂದಿನಿಂದ ನರದ ಕಿಂಡಿಯನ್ನಷ್ಟೇ ಅಗಲ ಮಾಡುವುದು ಮೂರನೆಯ ದಾರಿ, ಡಿಸ್ಕ್ ಪಕ್ಕಕ್ಕೆ ಬಂದಿದ್ದರೆ ಅದು ಒಪ್ಪುತ್ತದೆ. ಸರಿಯಾದ ರೋಗಿಯನ್ನು ಆರಿಸಿ ಮಾಡಿದರೆ ತೋಳಿನ ನೋವು ಎಷ್ಟೋ ಸಲ ಎಚ್ಚರವಾದ ದಿನವೇ ಹೋಗಿರುತ್ತದೆ. ನಾನು ಈ ಆಪರೇಷನ್ನಿನ ವಿರೋಧಿ ಅಲ್ಲ, ಬೇಕಾದವರಿಗೆ ತಡ ಮಾಡಬೇಡಿ ಅಂತ ಬೈದೂ ಇದ್ದೇನೆ.

ಆದರೆ ಬೆಲೆ ಇದೆ. ಕೆಲವು ವಾರ ನುಂಗಲು ಕಷ್ಟ, ದನಿ ಬದಲಾಗಬಹುದು. ಸಾಮಾನ್ಯವಾಗಿ ಸರಿಹೋಗುತ್ತದೆ. ಬೆಸೆದ ಮೂಳೆಯ ಮೇಲೆ ಕೆಳಗಿನ ಡಿಸ್ಕಿಗೆ ಕೆಲಸ ಹೆಚ್ಚುತ್ತದೆ. 1999ರಲ್ಲಿ ಬಂದ ಒಂದು ದೊಡ್ಡ ಲೆಕ್ಕದ ಪ್ರಕಾರ ವರ್ಷಕ್ಕೆ ನೂರರಲ್ಲಿ ಸುಮಾರು ಮೂವರಿಗೆ ಪಕ್ಕದ ಮಟ್ಟದಲ್ಲಿ ಹೊಸ ತೊಂದರೆ ಬರುತ್ತದೆ. ಹತ್ತು ವರ್ಷದಲ್ಲಿ ನಾಲ್ವರಲ್ಲಿ ಒಬ್ಬರು. ಸ್ವೀಡನ್ನಿನಲ್ಲಿ 81 ಜನರನ್ನು ಆಪರೇಷನ್, ಫಿಸಿಯೋ, ಕಾಲರ್ ಅಂತ ಹಂಚಿ ನೋಡಿದ ಅಧ್ಯಯನ 1997ರಲ್ಲಿ ಬಂತು. ಮೂರು ನಾಲ್ಕು ತಿಂಗಳಲ್ಲಿ ಆಪರೇಷನ್ ಆದವರು ಮುಂದಿದ್ದರು. ವರ್ಷ ತುಂಬುವಾಗ ಮೂವರೂ ಸಮ. ಬೇಗ ಆರಾಮ ಬೇಕು ಅನ್ನುವುದಕ್ಕೆ ಆಪರೇಷನ್ ಒಂದು ಉತ್ತರ. ಕಾಯುವ ಶಕ್ತಿ ಇದ್ದವರಿಗೆ ಕಾಯುವುದೂ ಉತ್ತರವೇ.

ನಿಮ್ಮ ವಿಷಯದಲ್ಲಿ ನಾನಾದರೆ ಹೀಗೆ ಮಾಡುತ್ತಿದ್ದೆ. ಮಣಿಕಟ್ಟು, ಮೊಣಕೈ ಬಲ ಎರಡೂ ಕಡೆ ಸಮ ಇದ್ದರೆ ಇನ್ನೂ ಆರು ವಾರ ಫಿಸಿಯೋ, ಮಾತ್ರೆ, ಕೆಲಸದಲ್ಲಿ ಬದಲಾವಣೆ. ಹನ್ನೆರಡು ವಾರ ಹತ್ತಿರವಾದರೂ ನಿದ್ದೆ ಕೆಡಿಸುವ ನೋವು ಹಾಗೇ ಇದ್ದರೆ ಇಂಜೆಕ್ಷನ್ ಅಥವಾ ಆಪರೇಷನ್ ಬಗ್ಗೆ ಕೂತು ಮಾತಾಡೋಣ. ಬಲ ಸ್ಪಷ್ಟವಾಗಿ ಕಡಿಮೆ ಇದ್ದರೆ, ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ, ಆ ಲೆಕ್ಕವೆಲ್ಲ ಬಿಟ್ಟು ಈ ವಾರವೇ ಬೆನ್ನುಮೂಳೆ ಸರ್ಜನ್ ಹತ್ತಿರ ಹೋಗಿ. ಆಪರೇಷನ್ ಮಾಡಿಸುವುದೇ ಆದರೆ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ, ಅದನ್ನು 8ರ ಕೆಳಗೆ ತಂದುಕೊಳ್ಳುವುದು ಒಳ್ಳೆಯದು, ಶುಗರ್ ಮೇಲಿದ್ದರೆ ಗಾಯ ಕೀವಾಗುವ ಭಯ. ಖರ್ಚಿನ ಚಿಂತೆ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು. ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯಮಿತ್ರರನ್ನು ಕಂಡು ರೆಫರಲ್ ಚೀಟಿಯ ವಿಷಯ ಮೊದಲೇ ಕೇಳಿಕೊಳ್ಳಿ.

ತಡ ಮಾಡದೆ ಓಡಬೇಕಾದ ಸಂದರ್ಭಗಳು ಇವು. ನಡೆಯುವಾಗ ಕಾಲು ತೊಡರುವುದು, ಎರಡೂ ಕೈಯಲ್ಲಿ ಹುಕ್ಕು ಹಾಕಲಾಗದಷ್ಟು ಎಡವಟ್ಟು, ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟ್ ಹರಿಯುವುದು, ಮೂತ್ರ ಹಿಡಿದುಕೊಳ್ಳಲಾಗದಿರುವುದು. ಇವು ನರದ ಬೇರಿನ ಮಾತಲ್ಲ, ಬೆನ್ನುಹುರಿಯೇ ಒತ್ತಿಕೊಂಡಿದೆ ಅಂತ. ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಮೂಳೆಯ ಟಿಬಿ ನೆನಪಾಗಬೇಕು. ಎಡಗೈ ನೋವಿನ ಜೊತೆ ಎದೆ ಹಿಡಿದ ಹಾಗೆ, ಬೆವರು, ಉಸಿರಿಗೆ ಕಷ್ಟ ಬಂದರೆ ಅದು ಹೃದಯ. ಶುಗರ್ ಇರುವವರಲ್ಲಿ ಅದು ಮೋಸ ಮಾಡುತ್ತದೆ.

ಕೊನೆಗೆ ನಿಮ್ಮ ಕೆಲಸ. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲಿಗಳಿಗೆ ಕತ್ತು ಸವೆಯುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಹೊಲಿಗೆಯವರು ಹೊರುವ ಭಾರ ಕಾಣುವುದಿಲ್ಲ. ತಲೆಯ ತೂಕವೇ ನಾಲ್ಕೂವರೆ ಐದು ಕಿಲೋ. ಅದನ್ನು ಮುಂದಕ್ಕೆ ಬಗ್ಗಿಸಿ ಗಂಟೆಗಟ್ಟಲೆ ಹಿಡಿದರೆ ಕತ್ತಿನ ಹಿಂಭಾಗದ ಮಾಂಸಖಂಡಗಳು ಅದರ ಹಲವು ಪಟ್ಟು ಎಳೆಯಬೇಕು. ಅದರಲ್ಲೂ ಅತಿ ಕೆಟ್ಟದ್ದು ಮೆಷಿನ್ ಅಲ್ಲ, ಮಡಿಲಲ್ಲಿ ಇಟ್ಟುಕೊಂಡು ಮಾಡುವ ಕುಚ್ಚು, ಹುಕ್ಕು, ಕಾಜಾ, ಫಾಲ್ಸ್. ನೆಲದ ಮೇಲೆ ಹಾಸಿ ಕಟಿಂಗ್ ಮಾಡುವುದು ಅದರ ಅಕ್ಕ. ಕಟಿಂಗನ್ನು ಸೊಂಟದ ಎತ್ತರದ ಮೇಜಿಗೆ ತನ್ನಿ. ಕೈಕೆಲಸಕ್ಕೆ ಮಡಿಲಲ್ಲಿ ಎರಡು ದಿಂಬು ಇಟ್ಟು ಬಟ್ಟೆ ಎದೆಯ ಹತ್ತಿರ ಬರಲಿ. ಮೆಷಿನ್ ಮೇಲೆ ಒಂದು ಒಳ್ಳೆಯ ಲೈಟ್ ಹಾಕಿಸಿ. ನಿಮ್ಮ ವಯಸ್ಸಿಗೆ ಓದುವ ಕನ್ನಡಕ ಬೇಕಾಗಿರಬಹುದು, ಅದಿಲ್ಲದೆ ಬಗ್ಗುತ್ತಿರಬಹುದು. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ, ಕುಕ್ಕರ್ ಸೀಟಿಯಾದರೂ ನೆಪವಾಗಲಿ.

ಇನ್ನೊಂದು ಯಾರೂ ಹೇಳದ ವಿಷಯ. ಒತ್ತಿದ ನರಕ್ಕೆ ಕತ್ತು ಬಗ್ಗಿಸುವುದಕ್ಕಿಂತ ಹಿಂದಕ್ಕೆ ಎತ್ತುವುದು ಜಾಸ್ತಿ ಚುಚ್ಚುತ್ತದೆ. ಹಿಂದಕ್ಕೆ ಎತ್ತಿದಾಗ ಕಿಂಡಿ ಕಿರಿದಾಗುತ್ತದೆ. ನಮ್ಮವರು ಚೊಂಬನ್ನು ಬಾಯಿಗೆ ತಾಗಿಸದೆ ಎತ್ತಿ ನೀರು ಕುಡಿಯುತ್ತಾರಲ್ಲ, ಸ್ವಲ್ಪ ದಿನ ಅದು ಬೇಡ, ಲೋಟ ಕಚ್ಚಿಯೇ ಕುಡಿಯಿರಿ. ಅಟ್ಟದ ಮೇಲಿನ ಡಬ್ಬ ಮಕ್ಕಳು ಇಳಿಸಲಿ. ಬೋರಲು ಮಲಗಬೇಡಿ. ಎಡಮಗ್ಗುಲಿಗೆ ಮಲಗಿ, ಹೆಗಲಿಗೂ ಕಿವಿಗೂ ನಡುವಿನ ಜಾಗ ತುಂಬುವಷ್ಟು ದಿಂಬು ಇರಲಿ, ಬಲಗೈ ಕೆಳಗೆ ಇನ್ನೊಂದು ದಿಂಬು ಇಟ್ಟುಕೊಳ್ಳಿ.

ಮದುವೆಗೆ ಎರಡು ತಿಂಗಳಿದೆ. ಮದುಮಗಳ ಬ್ಲೌಸ್‌ಗಳನ್ನು ನೀವೇ ಹೊಲಿಯಿರಿ. ಉಳಿದ ನೆಂಟರ ಬ್ಲೌಸ್ ಒಪ್ಪಿಕೊಳ್ಳಬೇಡಿ. ಕುಚ್ಚು ಮಾತ್ರ ಒಂದೂ ಬೇಡ, ಬೀದಿಯಲ್ಲಿ ಇನ್ಯಾರಾದರೂ ಹಾಕುವವರಿದ್ದರೆ ಅವರಿಗೆ ಕೊಟ್ಟುಬಿಡಿ. ಎನ್‌ಸಿವಿ, ಬಿ12, ಕ್ರಿಯಾಟಿನಿನ್ ರಿಪೋರ್ಟ್ ಬಂದ ಮೇಲೆ, ಕ್ಯಾಲೆಂಡರ್ ಮೇಲೆ ಬರೆದ ಬಲದ ಲೆಕ್ಕದ ಜೊತೆ ಇನ್ನೊಂದು ಪತ್ರ ಹಾಕಿ. ನಡುಬೆರಳು ಜೋಮು ಇದೆಯಾ ಇಲ್ಲವಾ, ಅದನ್ನು ಮರೆಯದೆ ಬರೆಯಿರಿ.